ನ್ಯಾಯಾಲಯ ಸುಳ್ಳೆಂದು ನಾನು ಸಾಧಿಸಿದ್ದು

ನಂಬಿ ಕೆಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಲಾಟರಿ ಹೊಡೆದಿದೆ ಎಂದು ನಂಬಿದವರು, ಬ್ಯಾಂಕಿನವರೇ ಫೋನ್ ಮಾಡಿದ್ದಾರೆಂದು ನಂಬಿ ಗುಟ್ಟಿನ ಅಂಕಿಯನ್ನು ಬಾಯಿಬಿಟ್ಟು ಹೇಳಿದವರು, ದುಬೈಯ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಇವತ್ತೇ ರದ್ದಾಗುತ್ತದೆ ಎಂದು ಹೆದರಿ ಕಂಡ ಲಿಂಕ್ ಒತ್ತಿದವರು. ಅವರನ್ನು ಕಂಡರೆ ಎಲ್ಲರೂ ಅಯ್ಯೋ ಅನ್ನುತ್ತಾರೆ, ಒಳಗೊಳಗೆ ನಗುತ್ತಾರೆ. ನಂಬದೆ ಕೆಟ್ಟವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೊಂದು ಕಾರಣವೂ ಇದೆ. ನಂಬದವರು ಸಾಮಾನ್ಯವಾಗಿ ತಾವು ಕೆಡುವುದಿಲ್ಲ, ಪಕ್ಕದವರನ್ನು ಕೆಡಿಸುತ್ತಾರೆ. ನಾನು ಈ ಎರಡನೆಯ ಜಾತಿಗೆ ಸೇರಿದವಳು ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವಾಗ ನಿಮಗೆ ನನ್ನ ಮೇಲೆ ಅನವಶ್ಯಕ ಮರುಕ ಹುಟ್ಟುವುದಿಲ್ಲ.

ಮೈಸೂರಿನಲ್ಲಿ ಶಾಲೆ, ಕಾಲೇಜು ಅಂತ ಎಲ್ಲೆಲ್ಲಿ ಚರ್ಚಾಸ್ಪರ್ಧೆ ನಡೆಯಿತೋ ಅಲ್ಲೆಲ್ಲ ಹೋಗಿ ಬಾಯಿ ಮಾಡಿ ಬಹುಮಾನ ತಂದವಳು ನಾನು. ಆ ಬಹುಮಾನದ ಕಪ್ಪುಗಳಲ್ಲಿ ಒಂದರಲ್ಲಿ ಅಮ್ಮ ಈಗ ಅಡುಗೆ ಸೋಡಾ ಇಟ್ಟಿದ್ದಾಳೆ, ಇನ್ನೊಂದರಲ್ಲಿ ಕಿತ್ತುಹೋದ ಬಟನ್ನುಗಳಿವೆ. ಚರ್ಚಾಸ್ಪರ್ಧೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಲ್ಲಿ ನೀವು ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಬೆಳಗ್ಗೆ ಮರಣದಂಡನೆ ಬೇಕೇ ಬೇಕು ಎಂದು ಗೆದ್ದು, ಊಟವಾದ ಮೇಲೆ ಅದೇ ವೇದಿಕೆಯಲ್ಲಿ ಮರಣದಂಡನೆ ಅನಾಗರಿಕ ಎಂದು ಗೆದ್ದವಳು ನಾನು. ಎರಡು ಸಲವೂ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಇಂಥ ತಾಲೀಮಿನವಳಿಗೆ ದುಬೈಯ ದೇರಾದಲ್ಲಿ ವಿಮಾ ಕಂಪನಿಯೊಂದರ ಕ್ಲೇಮು ಪರಿಶೀಲನೆ ವಿಭಾಗದಲ್ಲಿ ಕೆಲಸ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಲೋಕದಲ್ಲಿ ಉಳಿದವರು ಬಿಟ್ಟಿಯಾಗಿ ಅನುಮಾನ ಪಡುತ್ತಾರೆ, ನನಗೆ ಅದಕ್ಕೆ ಸಂಬಳ.

ಕಚೇರಿಯಲ್ಲಿ ಸಾಲದು ಎಂದು ಹೊರಗೂ ಆ ಸೇವೆ ಶುರು ಮಾಡಿದ್ದೆ. ನಮ್ಮ ಕಡೆಯವರ ವಾಟ್ಸಾಪ್ ಗುಂಪೊಂದಿದೆ. ಇಡ್ಲಿ ಅಕ್ಕಿ ಎಲ್ಲಿ ಒಳ್ಳೆಯದು, ಊರಿಗೆ ಹೋಗುವವರು ಯಾರಾದರೂ ಒಂದು ಮಾತ್ರೆ ಡಬ್ಬಿ ಒಯ್ಯುತ್ತೀರಾ, ಯಾರ ರೂಮಿನಲ್ಲಾದರೂ ಬೆಡ್‌ಸ್ಪೇಸ್ ಖಾಲಿ ಇದೆಯಾ, ಇಂಥವೇ ಮಾತು. ಅದರಲ್ಲಿ ಯಾರಿಗಾದರೂ ಸಂಶಯದ ಮೆಸೇಜು ಬಂದರೆ ನನಗೆ ಕಳಿಸುತ್ತಿದ್ದರು. ನಾನು ನೋಡಿ, ಯಾಕೆ ಸುಳ್ಳು ಎಂದು ಸಕಾರಣವಾಗಿ ವಿವರಿಸಿ, ಕೊನೆಗೆ 'ಖಲಾಸ್, ಡಿಲೀಟ್ ಮಾಡಿ' ಎಂದು ತೀರ್ಪು ಕೊಡುತ್ತಿದ್ದೆ. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬರುತ್ತಿದ್ದವು. ಒಬ್ಬ ಹಿರಿಯರು ನನಗೆ 'ಸುಪ್ರೀಂ ಕೋರ್ಟ್' ಎಂದು ಹೆಸರಿಟ್ಟಿದ್ದರು. ಆಗ ಖುಷಿಯಾಗಿತ್ತು.

ಇನ್ನು ವಾಮನಣ್ಣನ ವಿಷಯಕ್ಕೆ ಬರುತ್ತೇನೆ. ಅವರು ಕಾಪು ಕಡೆಯವರು, ಮನೆಮಾತು ತುಳು, ನಮ್ಮ ಕಂಪನಿ ವ್ಯಾನಿನ ಡ್ರೈವರು. ನಮ್ಮ ಕಟ್ಟಡದಿಂದ ಕಚೇರಿಗೆ ನನ್ನನ್ನು ಕರೆದೊಯ್ಯುತ್ತಿದ್ದವರು ಅವರೇ. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎಂದು ನಾನು ಯಾವಾಗಲೂ ಮುಂದಿನ ಸೀಟು. ಹೊಟ್ಟೆ ತೊಳಸುವುದು ನಿಜ, ಆದರೆ ವಾಮನಣ್ಣನ ಜೊತೆ ಜಗಳವಾಡುವುದಕ್ಕೆ ಅನುಕೂಲ ಎಂಬುದೂ ನಿಜ. ವ್ಯಾನಿನ ಕೀ ಕಳೆದುಹೋದರೆ ಅವರು ಊರಿನ ದೈವಕ್ಕೆ ಚಕ್ಕುಲಿಯ ಹರಕೆ ಹೇಳಿಕೊಳ್ಳುವವರು. "ಹೇಳಿಕೊಂಡೆ, ಸಿಕ್ಕಿತು ನೋಡಿ ಮೇಡಂ" ಎನ್ನುವರು. "ಹುಡುಕಿದ್ದಕ್ಕೆ ಸಿಕ್ಕಿತು ವಾಮನಣ್ಣ" ಎಂದರೆ, "ಹುಡುಕ್ಲಿಕ್ಕೆ ಬುದ್ಧಿ ಕೊಟ್ಟದ್ದು ಯಾರು?" ಎನ್ನುವರು. "ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ವಾದ" ಎಂದು ನಾನು. "ಈ ನೈಫಿನ ರಸ್ತೆಗಳೂ ಹಾಗೇ ಅಲ್ವಾ, ಎಂತ ಮಾಡುದು" ಎಂದು ಅವರು.

ಆ ನೈಫ್ ಎಂಬುದು ದೇರಾದ ಹಳೆಯ ಪೇಟೆ, ಅದರ ಒಂದು ಓಣಿಯಲ್ಲೇ ಅಪಘಾತವಾದದ್ದು. ಬಟ್ಟೆ ಬೇಲುಗಳನ್ನು ಪೇರಿಸಿದ ತಳ್ಳುಗಾಡಿಯೊಂದು ನಿಂತಿದ್ದ ಲಾರಿಯ ಮರೆಯಿಂದ ಸರಕ್ಕನೆ ಹೊರಬಂತು. ವಾಮನಣ್ಣ ಬ್ರೇಕು ಒತ್ತಿದರು. ವ್ಯಾನು ಮೆಲ್ಲಗೇ ಹೋಗುತ್ತಿತ್ತು. ಆದರೂ ತಗುಲಿತು, ಗಾಡಿ ತಳ್ಳುತ್ತಿದ್ದವನ ಕಾಲು ಮುರಿಯಿತು. ಅವನಿಗೆ ಏನೂ ನೆನಪಿಲ್ಲ. ಹತ್ತಿರದ ಕ್ಯಾಮೆರಾಕ್ಕೆ ಕಂಡದ್ದು ಲಾರಿಯ ಬೆನ್ನು ಮಾತ್ರ. ವ್ಯಾನಿನಲ್ಲಿ ಅಂದು ಬೇರೆ ಯಾರೂ ಇರಲಿಲ್ಲ, ಕಂಡವಳು ಮುಂದಿನ ಸೀಟಿನ ನಾನೊಬ್ಬಳೇ. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡು, ಬೇಕಾದರೆ ಕರೆಯುತ್ತೇವೆ ಎಂದು ಕಳಿಸಿದರು. ವಾಮನಣ್ಣನ ಪಾಸ್‌ಪೋರ್ಟನ್ನು, ಪ್ರಕರಣ ಮುಗಿಯುವವರೆಗೆ, ಜಾಮೀನಾಗಿ ಇಟ್ಟುಕೊಂಡರು. ಕಂಪನಿಯವರು ಬೇರೆ ಡ್ರೈವರನ್ನು ಹಾಕಿ, ವಾಮನಣ್ಣನನ್ನು ಗೋಡೌನಿನ ಕೆಲಸಕ್ಕೆ ಕಳಿಸಿದರು. ಕಚೇರಿಯಲ್ಲಿ ಕೇಳಿದಾಗ "ಅದೆಲ್ಲ ಇನ್ಶೂರೆನ್ಸು ನೋಡಿಕೊಳ್ಳುತ್ತೆ, ಖಲಾಸ್" ಅಂದರು. ವಿಮಾ ಕಂಪನಿಯಲ್ಲೇ ಕೂತು ಆ ಮಾತನ್ನು ನಂಬಿದೆ. ನಾನು ಜೀವನದಲ್ಲಿ ಪರಿಶೀಲಿಸದೆ ನಂಬಿದ ಕೆಲವೇ ಮಾತುಗಳಲ್ಲಿ ಅದೊಂದು.

ಹೊಸ ಡ್ರೈವರು ಮಾತಾಡುತ್ತಿರಲಿಲ್ಲ. ವಾಮನಣ್ಣ ಆಗಾಗ ಕಚೇರಿಯ ಲಿಫ್ಟಿನ ಬಳಿ ಸಿಕ್ಕಿದಾಗ "ಹೇಗಿದ್ದೀರಿ ಮೇಡಂ" ಎಂದು ಕೇಳಿ ಬೇಗ ಜಾಗ ಖಾಲಿ ಮಾಡುತ್ತಿದ್ದರು. ಒಂದು ದಿನ ಮಾತ್ರ ನಿಂತು, ಮಗಳು ಅಕ್ಷತಾಳ ಮದುವೆ ನಿಶ್ಚಯವಾಗಿದೆ, ಹಾಲ್ ಬುಕ್ ಆಗಿದೆ, ಅಷ್ಟರೊಳಗೆ ಪಾಸ್‌ಪೋರ್ಟು ಕೈಗೆ ಬರುತ್ತದೆ ಎಂದು ಹೇಳಿದರು. "ಧಾರೆಗೆ ಅಪ್ಪ ಇಲ್ಲದಿದ್ರೆ ಆಗ್ತದಾ?" ಎಂದು ನಕ್ಕರು. ನಮ್ಮ ಹುಡುಗಿಯನ್ನು ನಿಮಗೆ ಕೊಟ್ಟೆವು ಎಂದು ವಧೂವರರ ಕೂಡಿಸಿದ ಕೈಗಳ ಮೇಲೆ ನೀರೆರೆಯುವುದೇ ಧಾರೆ. ಅವರ ಕಡೆ ಮದುವೆ ಎಂದರೆ ಅದೇ, ಉಳಿದದ್ದೆಲ್ಲ ಊಟ.

ಇದಾದ ಕೆಲವು ದಿನಕ್ಕೆ ನನಗೊಂದು ಮೆಸೇಜು ಬಂತು. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ನಾನೊಂದು ಪ್ರಕರಣದಲ್ಲಿ ಸಾಕ್ಷಿಯಂತೆ, ಇಂಥ ದಿನ ಹಾಜರಾಗಬೇಕಂತೆ, ಬರಲಾಗದಿದ್ದರೆ ಈ ಲಿಂಕಿನ ಮೂಲಕ ವೀಡಿಯೊದಲ್ಲಿ ಬರಬಹುದಂತೆ, ತಪ್ಪಿಸಿದರೆ ಕಾನೂನು ಕ್ರಮವಂತೆ. ಪ್ರಕರಣದ ಸಂಖ್ಯೆ ಇತ್ತು, ವಾಮನಣ್ಣನ ಹೆಸರು ಎಲ್ಲೂ ಇರಲಿಲ್ಲ. ನನಗೆ ನಗು ಬಂತು. ನನ್ನ ಜೊತೆ ರೂಮು ಹಂಚಿಕೊಂಡಿರುವ ಬೆಂಗಳೂರಿನ ರಂಜಿತಾಗೆ ತೋರಿಸಿದೆ. "ನೋಡು, ಮೋಸದ ಎಲ್ಲ ಲಕ್ಷಣವೂ ಇದೆ. ಬೆದರಿಕೆ, ಅವಸರ, ಲಿಂಕು. ಅಮೆರಿಕದಲ್ಲಿ 'ನೀವು ಜ್ಯೂರಿ ಡ್ಯೂಟಿಗೆ ಬರಲಿಲ್ಲ, ವಾರಂಟ್ ಇದೆ' ಅಂತ ಹೆದರಿಸಿ ಜನರನ್ನು ಸುಲೀತಾರಂತೆ. ಇಲ್ಲಿ ಜ್ಯೂರಿ ಇಲ್ವಲ್ಲ, ಅದಕ್ಕೆ ಸಾಕ್ಷಿ ಅಂತ ಬದಲಾಯಿಸಿದ್ದಾರೆ. ಇಷ್ಟು ಬುದ್ಧಿ ಅವರಿಗಿದೆ ಅಂತ ಮೆಚ್ಚಬೇಕು."

ರಂಜಿತಾ ಈರುಳ್ಳಿ ಹೆಚ್ಚುತ್ತಿದ್ದಳು. "ನಿಮ್ಮ ಡ್ರೈವರ್ ಆಕ್ಸಿಡೆಂಟ್ ಕೇಸ್ ಇರಬಹುದಲ್ವೇನೇ?"

"ಹಾಗಿದ್ದರೆ ವಾಮನಣ್ಣ ಹೇಳ್ತಿರಲಿಲ್ವಾ? ಅವರಿಗೇ ತಾನೇ ನನ್ನ ಸಾಕ್ಷಿ ಬೇಕಾಗಿರೋದು? ಮೊನ್ನೆ ಲಿಫ್ಟ್ ಹತ್ರ ಸಿಕ್ಕಿದ್ರು, ಮದುವೆ ವಿಷಯ ಎಲ್ಲ ಹೇಳಿದ್ರು, ಇದೊಂದು ಬಿಟ್ಟು. ಆದ್ದರಿಂದ ಇದು ಅದಲ್ಲ."

"ಒಂದ್ಸಲ ಫೋನ್ ಮಾಡಿ ಕೇಳಿಬಿಡೇ. ಏನು ಹೋಗತ್ತೆ?"

"ಕೇಳೋದೇ ಸೋಲು. ಅವರಿಗೆ ಬೇಕಾಗಿರೋದೇ ನಾವು ಫೋನ್ ಮಾಡೋದು."

"ಆಯ್ತು ತಾಯಿ, ನೀನು ಗೆದ್ದೆ. ತೆಂಗಿನಕಾಯಿ ತುರಿ."

ನಾನು ಗೆದ್ದಿದ್ದೆ, ತೆಂಗಿನಕಾಯಿ ತುರಿದೆ. ಎರಡು ದಿನದ ಮೇಲೆ ಒಬ್ಬ ಮನುಷ್ಯ ಫೋನ್ ಮಾಡಿದ. ಅರಬ್ಬಿ ಛಾಯೆಯ ಹಿಂದಿಯಲ್ಲಿ, ಮೇಡಂ, ನೀವು ಸಾಕ್ಷಿ, ಬರಬೇಕು ಎಂದ. ಬಹಳ ದಿನಗಳ ನಂತರ ಸರಿಯಾದ ಎದುರಾಳಿ ಸಿಕ್ಕಿದ ಹಾಗೆ ನನ್ನ ಬೆನ್ನು ನೆಟ್ಟಗಾಯಿತು. ನಿಮ್ಮ ಹೆಸರೇನು, ಹುದ್ದೆಯೇನು, ನೀವು ನ್ಯಾಯಾಲಯದವರು ಎಂಬುದಕ್ಕೆ ಆಧಾರವೇನು, ಆ ಆಧಾರ ನಿಜ ಎಂಬುದಕ್ಕೆ ಆಧಾರವೇನು ಎಂದು ಒಂದರ ಮೇಲೊಂದು ಕೇಳಿದೆ. ಅವನು ಪಾಪ, ಮೊದಲ ಎರಡಕ್ಕೆ ಉತ್ತರ ಕೊಟ್ಟ. ಮೂರನೆಯದಕ್ಕೆ "ಸಿಸ್ಟರ್, ಆಪ್ ಆ ಜಾಯಿಯೇ ಬಸ್", ನೀವು ಬಂದುಬಿಡಿ ಸಾಕು, ಎಂದ. ನಾಲ್ಕನೆಯದಕ್ಕೆ ಫೋನಿಟ್ಟ. ಕರೆ ರೆಕಾರ್ಡ್ ಮಾಡಿ ಹಂಚುವುದು ಈ ದೇಶದಲ್ಲಿ ಅಪರಾಧ, ನಾನು ಕಾನೂನು ಪಾಲಿಸುವವಳು. ಆದ್ದರಿಂದ ಇಡೀ ಸಂಭಾಷಣೆಯನ್ನು ಎರಡೂ ದನಿಯಲ್ಲಿ ನಾನೇ ಅಭಿನಯಿಸಿ ಗುಂಪಿಗೆ ವಾಯ್ಸ್ ನೋಟ್ ಹಾಕಿದೆ. ಅಂದು ಬಿದ್ದಷ್ಟು ಚಪ್ಪಾಳೆ ಮೈಸೂರಿನಲ್ಲೂ ಬಿದ್ದಿರಲಿಲ್ಲ.

ಹೇಳಿದ ದಿನ ಬಂತು, ಹೋಯಿತು. ಅಂದು ಕಚೇರಿಯಲ್ಲಿ ಯಾರದೋ ಒಡೆದ ಟೀವಿಯ ಕ್ಲೇಮಿನ ಮೇಲೆ ಅನುಮಾನ ಪಡುತ್ತಾ ಕೂತಿದ್ದೆ. ಸಂಜೆ ವಾಮನಣ್ಣ ಫೋನ್ ಮಾಡಿದರು.

"ಮೇಡಂ, ಹುಷಾರಿದ್ದೀರಾ? ಕೋರ್ಟಿಗೆ ಬರ್ಲಿಲ್ಲ ಅಲ್ವಾ, ಆರೋಗ್ಯಕ್ಕೆ ಎಂತಾದ್ರೂ ಆಯ್ತಾ ಅಂತ ಹೆದರಿಕೆ ಆಯ್ತು."

ಮೊದಲೇ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಂಪನಿಯ ಸರಕಾರಿ ಕೆಲಸಗಳಿಗೆಲ್ಲ ಓಡಾಡುವ ಮನುಷ್ಯ, ಇಲ್ಲಿಯವರು ಮಂದೂಬ್ ಎನ್ನುತ್ತಾರಲ್ಲ ಆತ, ವಾಮನಣ್ಣನಿಗೆ ಮೊದಲೇ ಎಚ್ಚರಿಸಿದ್ದನಂತೆ: ಸಾಕ್ಷಿಯ ಜೊತೆ ಕೇಸಿನ ಮಾತು ಆಡಬೇಡ, ನೀನು ಹೇಳಿಕೊಟ್ಟದ್ದು ಎಂದಾಗುತ್ತದೆ. ವಾಮನಣ್ಣ ಅದನ್ನು ಅಕ್ಷರಶಃ ಪಾಲಿಸಿದ್ದರು. ಲಿಫ್ಟಿನ ಬಳಿ ಬೇಗ ಜಾಗ ಖಾಲಿ ಮಾಡುತ್ತಿದ್ದದ್ದು ಅದಕ್ಕೇ. "ಇವತ್ತು ನೀವು ಬರ್ಲಿಲ್ಲ, ಇನ್ನು ಹೇಳ್ಬಹುದಲ್ವಾ ಅಂತ ಮಾಡಿದೆ. ಡೇಟು ಮುಂದೆ ಹಾಕಿದ್ರು. ಮದುವೆ ಕಳೆದು ಉಂಟು. ನಿಮ್ಗೆ ಮೆಸೇಜು ಬಂದಿತ್ತಾ ಮೇಡಂ?"

ಯೋಚಿಸಲು ಸಮಯವಿಲ್ಲದಿದ್ದಾಗಲೂ ನನಗೆ ಉತ್ತರ ಹೊಳೆಯುತ್ತದೆ. ಅದಕ್ಕೇ ಕಪ್ಪು ಕೊಟ್ಟಿದ್ದರು. "ಇಲ್ಲ ವಾಮನಣ್ಣ, ನನಗೆ ಏನೂ ಬಂದಿಲ್ಲ" ಎಂದೆ.

"ಹಾಗಾ? ಸಿಸ್ಟಮ್ಮಿನಲ್ಲಿ ಎಂತ ಆಯ್ತೋ. ಬಿಡಿ, ನೀವು ಬೇಜಾರು ಮಾಡ್ಬೇಡಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಮರುದಿನ ಮಂದೂಬನ ಬಳಿ ಹೋಗಿ, ಮೇಡಂ ನಂಬರು ತಪ್ಪು ಕೊಟ್ಟಿದ್ದೀಯಾ ಎಂದು ಜಗಳ ಮಾಡಿದರಂತೆ. ಎಂದೂ ದನಿ ಎತ್ತದ ಮನುಷ್ಯ ಹೀಗೆ ಕೂಗಾಡಿದರಲ್ಲ ಎಂದು ಕಚೇರಿಯಿಡೀ ಮಾತಾಡಿಕೊಂಡಿತು. ಅವರು ನನ್ನ ಪರವಾಗಿ ಕೂಗಾಡಿದ್ದರು.

ಮದುವೆಯ ದಿನ ಭಾನುವಾರ. ವಾಮನಣ್ಣ, ಕೆಲಸಗಾರರ ವಸತಿಗಳಿರುವ ಮುಹೈಸ್ನಾದ ತಮ್ಮ ರೂಮಿಗೆ ನನ್ನನ್ನೂ ಕರೆದಿದ್ದರು. ಹೋಗದಿರಲು ನೆಪ ಬೇಕಾದಷ್ಟಿತ್ತು. ಯಾವುದನ್ನೂ ಬಳಸದೆ ಹೋದೆ. ಎರಡಂತಸ್ತಿನ ಮಂಚಗಳ ನಡುವೆ ಒಂದಿಷ್ಟು ಜಾಗ ಮಾಡಿ ಚಾಪೆ ಹಾಸಿದ್ದರು. ರೂಮಿನವರೆಲ್ಲ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ವಾಮನಣ್ಣನ ಹೆಗಲ ಮೇಲೆ ಜರಿ ಶಾಲು. ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಊರಿನ ಮದುವೆ ಹಾಲ್, ಬಾಳೆಕಂಬ, ಯಾರದೋ ಬೆನ್ನು. "ಆ ಬೆನ್ನಿನವರನ್ನು ಒಮ್ಮೆ ಈಚೆ ಬರ್ಲಿಕ್ಕೆ ಹೇಳಿ ಮಾರಾಯ್ರೆ" ಎಂದು ಇಲ್ಲಿಂದ ಕೂಗು. ಬೆನ್ನು ಕದಲಲಿಲ್ಲ. ಕೊನೆಗೆ ಅಕ್ಷತಾ ಕಂಡಳು. ಧಾರೆಯ ಹೊತ್ತಾಯಿತು. ಅಲ್ಲಿ ವಾಮನಣ್ಣನ ತಮ್ಮ ಗಿಂಡಿ ಎತ್ತಿಕೊಂಡ. ಇಲ್ಲಿ ವಾಮನಣ್ಣ ಸುಮ್ಮನೆ ಎದ್ದುಹೋಗಿ ಸ್ಟೀಲು ಚೊಂಬಿನಲ್ಲಿ ನೀರು ತಂದರು, ಬಾಗಿಲ ಬಳಿಯಿದ್ದ ಬಾಲ್ದಿಯನ್ನು ಫೋನಿನ ಮುಂದೆ ಎಳೆದುಕೊಂಡರು.

"ಅದು ಬೇಡ ಓ, ಬಾತ್‌ರೂಮಿನ ಬಾಲ್ದಿ ಅದು" ಎಂದು ಒಬ್ಬರು ಅವಸರದಲ್ಲಿ ಅಡುಗೆ ಪಾತ್ರೆ ತಂದಿಟ್ಟರು. ಬಿರಿಯಾನಿ ಮಾಡುವ ಪಾತ್ರೆ. ಮಂತ್ರ ಕೇಳುತ್ತಿತ್ತು. ಎರೆಯುವ ಕ್ಷಣಕ್ಕೆ ಸರಿಯಾಗಿ ಚಿತ್ರ ನಿಂತುಹೋಯಿತು. ಮದುಮಗನ ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು. ಅಲ್ಲಿ ನೀರು ಬಿತ್ತೋ ಇಲ್ಲವೋ ತಿಳಿಯುವ ಹಾಗಿಲ್ಲ. ವಾಮನಣ್ಣ ಕಾಯಲಿಲ್ಲ. ನಿಂತ ಚಿತ್ರದ ಮುಂದೆ, ಬಿರಿಯಾನಿ ಪಾತ್ರೆಗೆ, ಚೊಂಬಿನ ನೀರನ್ನೆಲ್ಲ ಸಣ್ಣ ಧಾರೆಯಾಗಿ ಎರೆದು ಮುಗಿಸಿದರು. ಆಮೇಲೆ ಅವರೇ "ಆಯ್ತು, ಇನ್ನು ಊಟ" ಎಂದು, ಮೊದಲ ಎಲೆಗೆ ನನ್ನನ್ನು ಕೂರಿಸಿ, ಪಾಯಸ ಎರಡು ಸಲ ಬಡಿಸಿದರು. ತಿಂದೆ. ರುಚಿಯಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಮುಂದಿನ ವಿಚಾರಣೆಗೆ ಲಿಂಕೂ ಬೇಡ ಏನೂ ಬೇಡ ಎಂದು ನಾನೇ ಖುದ್ದಾಗಿ ಹೋದೆ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಕಾವಲುಗಾರ ಕೆಲಸ ಹುಡುಕಿಕೊಂಡು ಬಂದವಳೆಂದು ತಿಳಿದ. ಒಳಗೆ ದುಭಾಷಿಯಾಗಿ ಸಿಕ್ಕಿದ್ದು ನರೆತ ಮೀಸೆಯ ಮಲಯಾಳಿಯೊಬ್ಬರು. ನನ್ನ ಹಿಂದಿಯನ್ನು ಅರಬ್ಬಿ ಮಾಡುವುದು ಅವರ ಕೆಲಸ. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎನ್ನಬೇಕು ಎಂದರು. ಬೇರೆ ಸಮಯದಲ್ಲಾಗಿದ್ದರೆ, ಮೊದಲು ದೇವರಿದ್ದಾನೆಯೇ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ ಎನ್ನುತ್ತಿದ್ದೆ. ಅಂದು ಅವರು ಹೇಳಿಕೊಟ್ಟ ಹಾಗೆ ಹೇಳಿದೆ. ವಾಮನಣ್ಣ ಎದುರಿಗೇ ಇದ್ದರು, ಮದುವೆಯ ದಿನದ್ದೇ ಬಿಳಿ ಅಂಗಿ.

ನ್ಯಾಯಾಧೀಶರ ಮೊದಲ ಪ್ರಶ್ನೆಯೇ, ಹಿಂದಿನ ಸಲ ಯಾಕೆ ಬರಲಿಲ್ಲ?

ನಾನು ವ್ಯಾನು, ಲಾರಿ, ತಳ್ಳುಗಾಡಿ ಎಲ್ಲದಕ್ಕೂ ತಯಾರಾಗಿ ಹೋಗಿದ್ದೆ, ಇದಕ್ಕಲ್ಲ. ವಾಮನಣ್ಣನ ಮುಖ ನೋಡಿದೆ. ಅವರು ಧೈರ್ಯ ತುಂಬುವ ಹಾಗೆ ತಲೆಯಾಡಿಸಿ, ಮೆಲ್ಲಗೆ ಕನ್ನಡದಲ್ಲಿ "ಮೆಸೇಜು ಬರ್ಲಿಲ್ಲ ಅಂತ ಹೇಳಿ ಮೇಡಂ" ಎಂದರು. ಪೊಲೀಸಿನವನು ಶ್ ಎಂದ. ನಾನು ಕೊಟ್ಟ ಸುಳ್ಳನ್ನು ಅವರು ಇಷ್ಟು ದಿನ ಜೋಪಾನವಾಗಿಟ್ಟುಕೊಂಡು, ನನಗೆ ಬೇಕಾದ ಹೊತ್ತಿಗೆ ಸರಿಯಾಗಿ ಎತ್ತಿ ಕೊಡುತ್ತಿದ್ದರು. ತೆಗೆದುಕೊಳ್ಳಬಹುದಿತ್ತು. ಆದರೆ ಮೆಸೇಜು ಮುಟ್ಟಿದ್ದು, ಫೋನಿನಲ್ಲಿ ಮಾತಾಡಿದ್ದು ಎಲ್ಲ ನ್ಯಾಯಾಲಯದವರಲ್ಲಿ ಇದ್ದೇ ಇರುತ್ತದೆ. ಮೊದಲ ಉತ್ತರವೇ ಸುಳ್ಳಾದರೆ, ಆಮೇಲೆ ನಾನು ವ್ಯಾನು ಮೆಲ್ಲಗೆ ಹೋಗುತ್ತಿತ್ತು ಎಂದರೆ ಯಾರು ನಂಬುತ್ತಾರೆ? ನಾನಾದರೆ ನಂಬುವುದಿಲ್ಲ. ಇಂಥ ಕ್ಲೇಮನ್ನು ಹತ್ತು ನಿಮಿಷದಲ್ಲಿ ತಿರಸ್ಕರಿಸುತ್ತೇನೆ.

"ಮೆಸೇಜು ಬಂದಿತ್ತು. ಮೋಸದವರದು ಅಂದುಕೊಂಡೆ" ಎಂದೆ ಹಿಂದಿಯಲ್ಲಿ. ವಾಮನಣ್ಣನಿಗೆ ಹಿಂದಿ ಚೆನ್ನಾಗಿ ಬರುತ್ತದೆ.

ದುಭಾಷಿ ಕನ್ನಡಕ ಕೆಳಗಿಳಿಸಿದರು. "ಕೋರ್ಟ್ ಕೋ ನಕಲೀ ಸಮ್‌ಝಾ?"

"ಹೌದು."

"ಫೋನ್ ಕೂಡ ಮಾಡಿದ್ದರಲ್ಲ?"

"ಅದೂ ನಕಲಿ ಅಂದುಕೊಂಡೆ."

"ಇದನ್ನು ಹೀಗೇ ಹೇಳಲಾ?" ಎಂದು ಆತ ನನ್ನ ಹಿತೈಷಿಯಂತೆ ದನಿ ತಗ್ಗಿಸಿದರು. ಹೀಗೇ ಹೇಳಿ ಎಂದೆ. ಹೇಳಿದರು. ನ್ಯಾಯಾಧೀಶರು ನನ್ನನ್ನು ಒಂದು ಕ್ಷಣ ನೋಡಿ ಏನೋ ಚಿಕ್ಕದಾಗಿ ಅಂದರು. "ಮುಂದೆ ಅನುಮಾನ ಬಂದರೆ ಇಲ್ಲಿಗೆ ಫೋನ್ ಮಾಡಿ ವಿಚಾರಿಸಬೇಕಂತೆ" ಎಂದು ದುಭಾಷಿ. ರಂಜಿತಾ ಈರುಳ್ಳಿ ಹೆಚ್ಚುತ್ತಾ ಹೇಳಿದ್ದನ್ನೇ ಈಗ ಅರಬ್ಬಿಯಿಂದ ಹಿಂದಿಗೆ ತಂದು ಕೇಳಿಸಿಕೊಂಡೆ.

ಆಮೇಲೆ ಏನು ನೋಡಿದಿರಿ ಎಂದು ಕೇಳಿದರು. "ಇದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ, ಮೊದಲನೆಯದಾಗಿ ವಾಮನಣ್ಣನವರ ಸ್ವಭಾವವನ್ನು ಗಮನಿಸಿದರೆ..." ಎಂದು ಶುರುಮಾಡಿದೆ. ದುಭಾಷಿ ಕೈಯೆತ್ತಿದರು. "ಮೇಡಂ, ಅಂಶ ಬೇಡ. ಕಣ್ಣಿಗೆ ಕಂಡದ್ದು." ಕಂಡದ್ದು ನಾಲ್ಕು ವಾಕ್ಯಕ್ಕೆ ಮುಗಿದುಹೋಯಿತು. ಲಾರಿ ನಿಂತಿತ್ತು. ಗಾಡಿ ಅದರ ಮರೆಯಿಂದ ಬಂತು. ವ್ಯಾನು ಮೆಲ್ಲಗೆ ಹೋಗುತ್ತಿತ್ತು. ಇವರು ಬ್ರೇಕು ಒತ್ತಿದರು. ಇಷ್ಟು ಹೇಳುವುದಕ್ಕೆ ಒಂದು ಲಿಂಕು ಒತ್ತಿದ್ದರೆ ಸಾಕಿತ್ತು, ಕಚೇರಿಯ ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ನಾನು ತಿರುಗಿ ನೋಡುವಾಗ ವಾಮನಣ್ಣ ನನ್ನನ್ನು ನೋಡುತ್ತಿರಲಿಲ್ಲ. ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಅವರು ಮಂದೂಬನ ಕಾರು ಹತ್ತಿ ಆಗಲೇ ಹೋಗಿದ್ದರು.

ಕೆಲವು ದಿನಗಳ ಮೇಲೆ ತೀರ್ಪು ಬಂತು. ವಾಮನಣ್ಣನದು ತಪ್ಪಿಲ್ಲ ಎಂದಾಯಿತು, ಪಾಸ್‌ಪೋರ್ಟೂ ಕೈಗೆ ಬಂತು. ಮರುದಿನ ಪೇಡೆಯ ಡಬ್ಬಿ ಹಿಡಿದು ಕಚೇರಿಗೆ ಬಂದರು. ಎಲ್ಲರ ಟೇಬಲ್ಲಿಗೂ ಹೋದರು. ಮಂದೂಬನಿಗೆ ಎರಡು ಕೊಟ್ಟು, ಬೈದದ್ದಕ್ಕೆ ಕೈಹಿಡಿದು ಕ್ಷಮೆ ಕೇಳಿದರು. ಅದನ್ನು ನಾನು ನೋಡಬೇಕಾಯಿತು. ನನ್ನ ಟೇಬಲ್ಲಿಗೆ ಕೊನೆಯಲ್ಲಿ ಬಂದರು. ನಾನು ಎದ್ದು ನಿಂತೆ.

"ತಪ್ಪಾಯ್ತು ವಾಮನಣ್ಣ."

"ಪೇಡೆ ತೆಕ್ಕೊಳ್ಳಿ ಮೇಡಂ. ಇದು ಸಾಕ್ಷಿ ಹೇಳಿದ್ದಕ್ಕೆ." ಡಬ್ಬಿಯ ಮುಚ್ಚಳ ಹಾಕಿದರು. "ನೀವು ಬೇಕೂಂತ ಮಾಡ್ಲಿಲ್ಲ, ನಂಗೆ ಗೊತ್ತುಂಟು. ಸುಳ್ಳು ಹೇಳಿದ್ದು ಕೂಡ ಹೆದರಿಯೇ ಹೇಳಿದ್ದು, ಅದೂ ಗೊತ್ತುಂಟು. ಆದ್ರೆ ಪರವಾಗಿಲ್ಲ ಅಂತ ಮಾತ್ರ ನಾನು ಹೇಳುದಿಲ್ಲ."

ಕಾಲು ತುಳಿದವರಿಗೂ ಪರವಾಗಿಲ್ಲ ಎನ್ನುವ ಜನ ನಾವು. ಊರಿನಿಂದ ಬರುವಾಗ ಪಾಸ್‌ಪೋರ್ಟು ಮರೆತರೂ ಆ ಮಾತನ್ನು ಮರೆಯುವುದಿಲ್ಲ. ವಾಮನಣ್ಣ ಅದನ್ನು ಕೊಡದೆ, ಉಳಿದ ಪೇಡೆಗಳನ್ನು ಎತ್ತಿಕೊಂಡು ಗೋಡೌನಿನ ಕಡೆ ಹೋದರು.

ಅವರು ಹೇಳಿದ್ದು ನ್ಯಾಯವೇ ಎಂದು ಅಲ್ಲೇ ಒಪ್ಪಿಕೊಂಡೆ. ಒಪ್ಪಿಕೊಂಡವಳು ಅಷ್ಟಕ್ಕೆ ಬಿಡಬೇಕಿತ್ತು. ಸಂಜೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಾಗ, ನನ್ನ ತಲೆ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತು. ಹೆಸರಿಲ್ಲದ ನೋಟೀಸನ್ನು ಅನುಮಾನಿಸುವುದು ವಿವೇಕವಲ್ಲವೇ, ಮಂದೂಬನ ಸಲಹೆಯಲ್ಲೂ ಪಾಲಿದೆಯಲ್ಲವೇ, ನಾನು ಬಂದಿದ್ದರೂ ತೀರ್ಪು ಮದುವೆಯೊಳಗೆ ಬರುತ್ತಿತ್ತೆಂದು ಏನು ಗ್ಯಾರಂಟಿ ಎಂದು ಒಂದೊಂದನ್ನೇ ಎತ್ತಿ, ಉಜ್ಜಿ, ಸಾಲಾಗಿ ಜೋಡಿಸಿತು. ನಮ್ಮ ಸ್ಟೇಷನ್ ಬರುವ ಹೊತ್ತಿಗೆ ವಾದ ಸಿದ್ಧವಾಗಿತ್ತು. ಎಲ್ಲಿಯೂ ಬಿರುಕಿಲ್ಲ. ನನ್ನ ಪರವಾಗಿ ನಿಂತರೆ ನಾನೇ ಗೆಲ್ಲುತ್ತೇನೆ. ಕಣ್ಣಲ್ಲಿ ನೀರೂ ಬಂದಿತ್ತು. ಅದು ಯಾವ ಪಕ್ಷದ್ದು ಎಂದು ನನಗೆ ಇನ್ನೂ ಖಾತ್ರಿಯಿಲ್ಲ.